ಅಕ್ಕನ ಹೆಸರಿನ ವೋಟು

ವೋಟಿನ ದಿನ ನಮ್ಮ ಅಕ್ಕ ಒಲೆ ಹಚ್ಚುತ್ತಿರಲಿಲ್ಲ. ಪುಣೆಯ ಕೋಥರೂಡದ ನಮ್ಮ ಖಾನಾವಳಿಗೆ ಬೆಳಿಗ್ಗೆ ಬರುವವರಿಗೆಲ್ಲ ಅದು ಗೊತ್ತಿತ್ತು. ಅಂದು ಅವಳು ತಲೆಗೆ ಎರೆದುಕೊಂಡು, ಇಳಕಲ್ಲ ಸೀರೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಹೊರಡುತ್ತಿದ್ದಳು. ಯಾರಾದರೂ ಬಾಗಿಲಲ್ಲಿ ನಿಂತು ಚಹಾ ಕೇಳಿದರೆ, "ಮೊದಲ ದೇಶದ್ದು ಮುಗೀಲಿ, ಆಮ್ಯಾಲ ನಿಮ್ಮದು" ಎನ್ನುತ್ತಿದ್ದಳು. ವಾಪಸು ಬಂದು ಬೆರಳಿನ ಮಸಿ ತೋರಿಸಿದ ಮೇಲೆಯೇ ಚಹಾ.

ಅಕ್ಕ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವಳು ಮಾಡುತ್ತಿದ್ದ ಜೋಳದ ರೊಟ್ಟಿಯ ಬಗ್ಗೆ, ಅವಳ ಶೇಂಗಾ ಚಟ್ನಿಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ನೆನಪಾಗುವುದು ಅವಳ ವೋಟು. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವುದರಲ್ಲಿ ಹೆಚ್ಚು ಕಡಿಮೆಯಾದರೆ ಓದುವವರು ಸರಿ ಮಾಡಿಕೊಳ್ಳಬೇಕು.

ನಾವು ಇಂಡಿ ಕಡೆಯವರು. ಅಕ್ಕ ಮದುವೆಯಾಗಿ ಪುಣೆಗೆ ಬಂದಳು. ಭಾವ ಒಂದು ಕಾರಖಾನೆಯಲ್ಲಿದ್ದರು. ಅವರು ಹೋದ ಮೇಲೆ ಅಕ್ಕ ಇದ್ದ ಎರಡು ಕೋಣೆಯಲ್ಲೇ ಖಾನಾವಳಿ ಶುರು ಮಾಡಿದಳು. ನನ್ನ ಗಂಡ ನನ್ನನ್ನು ಬಿಟ್ಟಾಗ ಅವಳೇ ಬಂದು ಕರೆದುಕೊಂಡು ಹೋದಳು. "ಅಳಬ್ಯಾಡ, ರೊಟ್ಟಿ ತಟ್ಟು" ಅಂದಳು, ಅಷ್ಟೇ. ಅಂದಿನಿಂದ ತಟ್ಟುತ್ತಲೇ ಇದ್ದೇನೆ. ನಮ್ಮಿಬ್ಬರ ಮುಖ ಒಂದೇ ಅಚ್ಚಿನದು. ಓಣಿಯವರು ಎಷ್ಟೋ ಸಲ ನನ್ನನ್ನು ಅವಳ ಹೆಸರಿನಿಂದಲೇ ಕರೆದು, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಚುನಾವಣೆ ಹತ್ತಿರ ಬಂದರೆ ಉಮೇದುವಾರರು ಕೈ ಮುಗಿಯುತ್ತಾ ನಮ್ಮ ಓಣಿಗೂ ಬರುತ್ತಿದ್ದರು. ಅಕ್ಕ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಬಿಸಿ ರೊಟ್ಟಿಯ ಮೇಲೆ ಚಟ್ನಿ, ಎಣ್ಣೆ ಹಾಕಿ ಕೈಗೆ ಕೊಡುತ್ತಿದ್ದಳು. "ತಿನ್ರಿ. ವೋಟಿನ ಮಾತು ಮಾತ್ರ ಆಡಬ್ಯಾಡ್ರಿ" ಎಂದು ಮರಾಠಿ ಕನ್ನಡ ಕೂಡಿಸಿ ಹೇಳುತ್ತಿದ್ದಳು. ಎಲ್ಲ ಪಕ್ಷದವರೂ ನಮ್ಮ ರೊಟ್ಟಿ ತಿಂದಿದ್ದಾರೆ. ಒಬ್ಬೊಬ್ಬರೂ ಅಕ್ಕನನ್ನು ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ ಎಂದು ಕರೆದು, ಈ ಮಾವಶಿಯ ವೋಟು ತಮ್ಮದೇ ಎಂದುಕೊಂಡು ಹೋಗಿದ್ದಾರೆ.

ಯಾರಿಗೆ ಹಾಕಿದೆ ಎಂದು ಅವಳು ಭಾವನಿಗೂ ಹೇಳಿದವಳಲ್ಲ. ಮದುವೆಯಾದ ಹೊಸದರಲ್ಲಿ ಭಾವ ಒಂದು ಚಿಹ್ನೆ ಹೇಳಿ ಕಳಿಸಿದ್ದರಂತೆ. ಇವಳು "ಹೂಂ" ಅಂದು ಹೋಗಿ, "ಹೂಂ" ಅಂದು ಬಂದಳಂತೆ. ಅಂದಿನಿಂದ ಭಾವ ಪ್ರತಿ ಸಲವೂ ಕೇಳಿದರು. ಕಡೆಗೆ ಹಾಸಿಗೆ ಹಿಡಿದಾಗಲೂ ಕೇಳಿದರು, "ಈಗರ ಹೇಳ, ನಾ ಯಾರ ಮುಂದ ಹೇಳಾಕ ಹೋಗ್ಲಿ?" ಎಂದು. ಅಕ್ಕ ಅವರ ಹಣೆ ಒರೆಸುತ್ತಾ, "ನೀವು ಆರಾಮ ಆಗ್ರಿ, ಮುಂದಿನ ಸಲ ಹೇಳ್ತೀನಿ" ಅಂದಳು.

ಒಮ್ಮೆ ಟಿ.ವಿ.ಯಲ್ಲಿ ರಾಷ್ಟ್ರಪತಿ ಚುನಾವಣೆಯ ಸುದ್ದಿ ಬಂತು. ಚಪಾತಿ ಲಟ್ಟಿಸುತ್ತಿದ್ದ ಅಕ್ಕ ಲಟ್ಟಣಿಗೆ ಕೆಳಗಿಟ್ಟು ಕುಳಿತಳು.

"ಇದು ಯಾವಾಗ? ನಮ್ಮ ಮನಿಗೆ ಚೀಟಿ ಬಂದಿಲ್ಲಲ್ಲ!"

ಊಟಕ್ಕೆ ಕುಳಿತಿದ್ದ ಹುಡುಗಿ ನಕ್ಕಳು. ಮಂಡ್ಯದವಳು, ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ದಿನಾ ರಾತ್ರಿ ನಮ್ಮಲ್ಲೇ ಊಟ. "ಆಂಟಿ, ರಾಷ್ಟ್ರಪತೀನ ನಾವು ಡೈರೆಕ್ಟಾಗಿ ಆರಿಸಲ್ಲ. ನಾವು ಆರಿಸಿದ ಎಂ.ಪಿ., ಎಂ.ಎಲ್.ಎ.ಗಳು ವೋಟ್ ಹಾಕ್ತಾರೆ. ಅದಕ್ಕೆ ಮಷಿನ್ ಇಲ್ಲ. ಪೇಪರ್ ಮೇಲೆ ಯಾರು ಫಸ್ಟ್, ಯಾರು ಸೆಕೆಂಡ್ ಅಂತ ನಂಬರ್ ಬರೀತಾರೆ. ಒಂದೊಂದು ರಾಜ್ಯದ ಎಂ.ಎಲ್.ಎ. ವೋಟಿಗೂ ಒಂದೊಂದು ವ್ಯಾಲ್ಯೂ. ಜನ ಜಾಸ್ತಿ ಇದ್ರೆ ವ್ಯಾಲ್ಯೂನೂ ಜಾಸ್ತಿ."

ಅಕ್ಕ ಹುಡುಗಿಯ ಕಡೆ ತಿರುಗಿದಳು. "ಆ ಜನದಾಗ ನಾನೂ ಬಂದೆನಿಲ್ಲೋ?"

"ಬಂದ್ರಲ್ಲ ಆಂಟಿ."

"ಹಂಗಾರ ಅದೂ ನಂದ ವೋಟು. ಅವರ ಕೈಲೆ ಹಾಕಸಾಕತ್ತೀನಿ, ಅಷ್ಟ." ಹಾಗೆಂದು ಮತ್ತೆ ಲಟ್ಟಣಿಗೆ ಕೈಗೆತ್ತಿಕೊಂಡಳು.

ಇಂಥವಳ ತಂಗಿಯಾದ ನಾನು ಜನ್ಮದಲ್ಲಿ ವೋಟು ಹಾಕಿರಲಿಲ್ಲ. ತವರಿನಲ್ಲಿ ವಯಸ್ಸಾಗುವ ಮೊದಲೇ ಮದುವೆಯಾಯಿತು. ಗಂಡನ ಮನೆಯಲ್ಲಿ ಯಾರೂ ನನ್ನ ಹೆಸರು ಬರೆಸಲಿಲ್ಲ. ಪುಣೆಗೆ ಬಂದ ಮೇಲೆ ಅಕ್ಕ "ಹೆಸರು ಹಚ್ಚಸು, ಹೆಸರು ಹಚ್ಚಸು" ಎಂದು ಬೆನ್ನು ಹತ್ತಿದ್ದಳು. ನಾನು "ನನ್ನೊಬ್ಬಾಕಿಯಿಂದ ಏನಾಗ್ತದ ಬಿಡಕ್ಕಾ" ಎಂದು ಜಾರಿಕೊಳ್ಳುತ್ತಿದ್ದೆ. ಸಾಲಿನಲ್ಲಿ ನಿಲ್ಲುವುದು ನನಗೆ ಬೇಸರ. ಆದರೆ ವೋಟಿನ ದಿನ ಎಲ್ಲರೂ ಬೆರಳು ತೋರಿಸುತ್ತಾ ಬರುವಾಗ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಿತ್ತು.

ಹಿಂದಿನ ಲೋಕಸಭಾ ಚುನಾವಣೆಯ ಹೊತ್ತಿಗೆ ಅಕ್ಕ ಊರಲ್ಲಿರಲಿಲ್ಲ. ಇಂದಾಪುರದಲ್ಲಿ ಅವಳ ಮಗಳಿಗೆ ಎರಡನೇ ಹೆರಿಗೆಯಾಗಿತ್ತು, ಬಾಣಂತನಕ್ಕೆ ಹೋಗಿದ್ದಳು. ಆ ಕಡೆ ವೋಟು ಹಿಂದಿನ ಹಂತದಲ್ಲೇ ಮುಗಿದಿತ್ತು. ಫೋನಿನಲ್ಲಿ, "ಕೂಸಿಗಿ ಜ್ವರ ಅದ. ಈ ಸಲ ಬರಾಕ ಆಗಾಂಗಿಲ್ಲ ಅನಸ್ತದ" ಅಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ವೋಟಿನ ಬೆಳಿಗ್ಗೆ ಮಂಡ್ಯದ ಹುಡುಗಿ ಬೆರಳು ಮುಂದೆ ಮಾಡಿಕೊಂಡೇ ಬಂದಳು. "ನೀವು ಹಾಕಿದ್ರಾ ಆಂಟಿ?"

"ಇನ್ನ ಹೋಗಬೇಕವ್ವಾ" ಅಂದುಬಿಟ್ಟೆ. ಯಾಕೆ ಹಾಗಂದೆನೋ! ಅಂದ ಮೇಲೆ ಅಕ್ಕನ ಚೀಟಿ ಕಣ್ಣಿಗೆ ಬಿತ್ತು. ಅವಳ ಗುರುತಿನ ಕಾರ್ಡು ದೇವರ ಮಾಡದಲ್ಲಿ ಇರುತ್ತಿತ್ತು. ಅದರಲ್ಲಿನ ಫೋಟೋ ಎಷ್ಟು ಹಳೆಯದೆಂದರೆ ಅದು ಅಕ್ಕನಿಗಿಂತ ನನ್ನ ಹಾಗೇ ಹೆಚ್ಚು ಕಾಣುತ್ತಿತ್ತು. ಹೇಗೂ ಅವಳು ಬರುವುದಿಲ್ಲ, ವೋಟು ಸುಮ್ಮನೆ ಹಾಳಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಸೀರೆಯನ್ನೇ ಉಟ್ಟುಕೊಂಡು ಹೋದೆ.

ಶಾಲೆಯ ಕೋಣೆಯಲ್ಲಿ ಒಬ್ಬರು ಅಕ್ಕನ ಹೆಸರನ್ನು ಗಟ್ಟಿಯಾಗಿ ಓದಿದರು. ಪಕ್ಷದ ಏಜೆಂಟರು ತಲೆ ಎತ್ತಿ ನೋಡಿದರು. ನಾನು ಸೆರಗು ಸರಿಮಾಡಿಕೊಂಡು "ಹೌದು" ಅಂದೆ. ಸುಳ್ಳು ಹೇಳುವುದಿಲ್ಲ, ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು. ರೇಷನ್ ಕಾರ್ಡು, ಲೈಟಿನ ಮೀಟರು, ಖಾನಾವಳಿಯ ಬೋರ್ಡು ಎಲ್ಲದರಲ್ಲೂ ಅಕ್ಕನ ಹೆಸರು. ನಾನು ಎಲ್ಲ ಕಡೆ "ಅವರ ತಂಗಿ". ಆ ಒಂದು ಗಳಿಗೆ ಸರಕಾರವೇ ನನ್ನನ್ನು ಅಕ್ಕ ಎಂದು ಕರೆದಿತ್ತು. ಅವಳ ಸಹಿ ನನಗೆ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದೆ. ಮಸಿ ಹಚ್ಚುವ ಹುಡುಗಿ ನನ್ನ ಬೆರಳಿಗೆ ಗೆರೆ ಎಳೆದಳು. ಮಶೀನು ಕೂಗಿತು. ಹೊರಗೆ ಬಂದೆ.

ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದೆ. ನಮ್ಮ ಓಣಿಯಲ್ಲಿ ಪಕ್ಷದ ಕೆಲಸಕ್ಕೆ ಓಡಾಡುವ ಕಾರ್ಯಕರ್ತ ಒಬ್ಬ ಓಡಿ ಬಂದ. "ಮಾವಶಿ, ನಿಮ್ಮ ಅಕ್ಕ ಶಾಲೆಯಲ್ಲಿ ಕೂತುಬಿಟ್ಟಿದ್ದಾರೆ. ಬೆಳಿಗ್ಗೆಯೇ ಯಾರೋ ಅವರ ವೋಟು ಹಾಕಿ ಹೋಗಿದ್ದಾರಂತೆ. ಏಳಿ ಅಂದರೆ ಏಳುತ್ತಿಲ್ಲ" ಎಂದು ಮರಾಠಿಯಲ್ಲಿ ಅಂದ.

ಕೂಸಿನ ಜ್ವರ ಇಳಿದಿತ್ತು. ಮಗಳೇ "ಹೋಗವ್ವಾ, ನಿನ್ನ ಮುಖ ನೋಡಾಕ ಆಗವಲ್ದು" ಎಂದು ಬಸ್ಸಿಗೆ ಹತ್ತಿಸಿದ್ದಳು. ಇಂದಾಪುರದಿಂದ ನಿಂತುಕೊಂಡೇ ಬಂದು, ಮನೆಗೂ ಬಾರದೆ, ಅಕ್ಕ ಸೀದಾ ಶಾಲೆಗೆ ಹೋಗಿದ್ದಳು. ಚೀಟಿ, ಕಾರ್ಡು ಕೈಯಲ್ಲಿಲ್ಲ. ಆಧಾರ ಕಾರ್ಡು ಮಾತ್ರ ಚೀಲದಲ್ಲಿತ್ತು.

ನಾನು ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ಗೇಟಿನಲ್ಲಿದ್ದ ಪೊಲೀಸಪ್ಪ, "ತಂಗಿಯಾ? ಹೋಗಿ, ಕರಕೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ" ಎಂದು ತಾನೇ ಒಳಗೆ ಬಿಟ್ಟ. ಬೆಳಿಗ್ಗೆ ನಾನು ನಿಂತಿದ್ದ ಅದೇ ಕೋಣೆ. ಅಕ್ಕ ಕರಿಹಲಗೆಯ ಕೆಳಗೆ ಮಕ್ಕಳು ಕೂರುವ ಗಿಡ್ಡ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಾಲಿಗೆ ಅಡ್ಡವಾಗಬಾರದೆಂದು ಪಕ್ಕಕ್ಕೆ ಸರಿದೇ ಕೂತಿದ್ದಳು.

ಮತಗಟ್ಟೆಯ ಮುಖ್ಯ ಅಧಿಕಾರಿ ವಯಸ್ಸಾದವರು, ಬೆವರಿ ಸೋತಿದ್ದರು. "ಮಾವಶಿ, ಇದೇ ನಿಮ್ಮ ಹೆಸರು, ಇದರ ಮುಂದೆ ವೋಟು ಬಿದ್ದಾಗಿದೆ. ಮಶೀನು ಇನ್ನೊಮ್ಮೆ ತೆಗೆದುಕೊಳ್ಳುವುದಿಲ್ಲ. ಮನೆಗೆ ಹೋಗಿ."

ಅಕ್ಕ ಬೆರಳು ನೀಟಾಗಿ ಚಾಚಿದಳು. "ನನ್ನ ಬೆರಳ ನೋಡ್ರಿ ಸಾಹೇಬ್ರ. ಎಲ್ಲೈತ್ರಿ ಮಸಿ? ಬಿದ್ದದ್ದು ನಂದಲ್ಲ."

"ಇಲ್ಲಿ ಹೆಬ್ಬೆಟ್ಟೂ ಇದೆ ನೋಡಿ."

"ಹೆಬ್ಬೆಟ್ಟು?" ಅಕ್ಕ ಎದ್ದು ನಿಂತಳು. ವೋಟು ಹೋದದ್ದಕ್ಕಿಂತ ಅದೇ ಅವಳಿಗೆ ಹೆಚ್ಚು ನಾಟಿತು. "ನನ್ನ ಹೆಸರಿನ ಮುಂದ ಹೆಬ್ಬೆಟ್ಟು? ಸಾಹೇಬ್ರ, ನಾ ಸಹಿ ಮಾಡಾಕಿ! ಮಗಳ ಪಾಟಿ ಮ್ಯಾಲ ಕಲಿತೀನಿ ನಾ ಸಹಿ!"

ಸಾಲಿನಲ್ಲಿದ್ದವರು ನಕ್ಕರು. ತಂಪು ಕನ್ನಡಕ ಹಾಕಿಕೊಂಡಿದ್ದ ಒಬ್ಬ, "ಮಾವಶಿ, ಒಂದು ವೋಟಿನಿಂದ ಏನಾಗುತ್ತದೆ, ಬಿಟ್ಟುಬಿಡಿ" ಅಂದ.

ಅಕ್ಕ ಅವನ ಕಡೆ ತಿರುಗಿದಳು. "ಏನೂ ಆಗಾಂಗಿಲ್ಲೇನು? ಹಂಗಾರ ನಿಂದು ನನಗ ಕೊಡು."

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಸಾಲಿನ ನಗು ಈಗ ಅವನ ಕಡೆ ತಿರುಗಿತು.

ಅಕ್ಕನಿಗೆ ಯಾವ ಕಾಯಿದೆಯೂ ಗೊತ್ತಿರಲಿಲ್ಲ. "ನನ್ನ ವೋಟು ಕೊಡ್ರಿ" ಎಂಬ ಒಂದೇ ಮಾತು. ಕೊಡುವ ಬಗೆ ಅಧಿಕಾರಿಗೂ ಗೊತ್ತಿರಲಿಲ್ಲ. ಕಡೆಗೆ ಅವರು ಚೀಲದಿಂದ ಸರಕಾರದ ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುತ್ತಾ ಹೋದರು. ಒಂದು ಕಡೆ ನಿಂತರು. ಎರಡು ಸಲ ಓದಿಕೊಂಡರು. ಅವರ ಮುಖ ಅರಳಿತು.

"ಇದೆ ಮಾವಶಿ, ದಾರಿ ಇದೆ! ಟೆಂಡರ್ ವೋಟು ಅಂತ. ಬೇರೆಯವರು ನಿಮ್ಮ ಹೆಸರಿನಲ್ಲಿ ಹಾಕಿ ಹೋಗಿದ್ದರೆ ನಿಮಗೆ ಕಾಗದದ ಮೇಲೆ ವೋಟು ಕೊಡಬೇಕು. ನನ್ನ ಇಡೀ ನೌಕರಿಯಲ್ಲಿ ಇದನ್ನು ಕೊಟ್ಟಿಲ್ಲ. ಆದರೆ ನೀವು ನೀವೇ ಎಂದು ನನಗೆ ಖಾತ್ರಿಯಾಗಬೇಕು."

ಗಂಡನ ಹೆಸರು, ಮನೆ, ವಯಸ್ಸು ಎಲ್ಲ ಕೇಳಿದರು. ಅಕ್ಕ ಪಟಪಟ ಹೇಳಿದಳು. ಆಮೇಲೆ ಅಧಿಕಾರಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು.

"ನೀವು ತಂಗಿಯಲ್ಲವೇ? ಇವರು ನಿಜವಾಗಿ ನಿಮ್ಮ ಅಕ್ಕನೇ?"

ಸೆರಗನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. "ಹೌದ್ರಿ ಸಾಹೇಬ್ರ, ಇಕಿನ ನಮ್ಮ ಅಕ್ಕ" ಅಂದೆ.

"ಹಾಗಾದರೆ ಬೆಳಿಗ್ಗೆ ಬಂದವಳು ಯಾರು?"

ಮಸಿ ಹಚ್ಚುವ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಯಿತೋ ಇಲ್ಲವೋ ಇವತ್ತಿಗೂ ತಿಳಿಯದು. ಅಕ್ಕನೂ ನೋಡುತ್ತಿದ್ದಳು, ತನ್ನ ಪರವಾಗಿ ಮಾತಾಡಲು ತಂಗಿ ಬಂದಳಲ್ಲ ಎಂಬ ಸಮಾಧಾನದಿಂದ.

"ಗೊತ್ತಿಲ್ರಿ" ಅಂದೆ.

ಬೆಳಿಗ್ಗೆ ಒತ್ತಿದ ಹೆಬ್ಬೆಟ್ಟು ಆಸೆಯಿಂದ ಮಾಡಿದ ತಪ್ಪು. ಅದನ್ನು ನಾನು ಹೇಗೋ ನುಂಗಿಕೊಂಡೆ. ಅಕ್ಕನ ಎದುರು ನಿಂತು ಆಡಿದ ಈ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿದಿದೆ.

ಅಧಿಕಾರಿ ಅವಳಿಗೆ ಉಮೇದುವಾರರ ಹೆಸರು, ಚಿಹ್ನೆ ಇದ್ದ ಕಾಗದ ಮತ್ತು ರಬ್ಬರಿನ ಮುದ್ರೆ ಕೊಟ್ಟರು. ಮಶೀನು ಬರುವ ಮೊದಲು ಹೀಗೇ ಇತ್ತಲ್ಲ. ಅಕ್ಕ ಮುದ್ರೆಯನ್ನು ಹಳೆಯ ಗೆಳತಿಯನ್ನು ಕಂಡ ಹಾಗೆ ನೋಡಿದಳು. ರಟ್ಟಿನ ಮರೆಗೆ ಹೋಗಿ ನಿಧಾನವಾಗಿ ಒತ್ತಿ, ಊದಿ ಒಣಗಿಸಿ, ಮಡಚಿ ತಂದು ಕೊಟ್ಟಳು. ಅವರು ಲಕೋಟೆಗೆ ಹಾಕಿದರು. ಸಹಿ ಮಾಡುವಾಗ ಅವಳ ಅಕ್ಷರ ಗೆರೆ ದಾಟಿ ಪಕ್ಕದ ಮನೆಗೂ ಹೋಯಿತು. ಬೆರಳಿಗೆ ಮಸಿ ಹಚ್ಚಿಸಿಕೊಂಡು, ಅದನ್ನು ಮೇಲೆ ಎತ್ತಿ ಹಿಡಿದುಕೊಂಡೇ ಅವಳು ಹೊರಗೆ ಬಂದಳು. ಸಾಲಿನವರು ಚಪ್ಪಾಳೆ ತಟ್ಟಿದರು. ಗೇಟಿನ ಪೊಲೀಸಪ್ಪ ಸಲಾಮು ಹೊಡೆದ. ಆರಿಸಿ ಬಂದ ಎಂ.ಪಿ.ಗೂ ನಮ್ಮ ಓಣಿಯಲ್ಲಿ ಅಂಥ ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಮನೆಗೆ ಬಂದು ನೀರು ಕೊಡುವಾಗ ನಾನು ಕೈ ಮರೆಸುವುದನ್ನು ಮರೆತೆ. ಅಕ್ಕ ತಂಬಿಗೆ ಹಿಡಿದ ನನ್ನ ಬೆರಳನ್ನು ನೋಡಿದಳು. ಹೆಸರೇ ಇಲ್ಲದವಳ ಬೆರಳಿಗೆ ಮಸಿ! ನೀರು ಕುಡಿದು ತಂಬಿಗೆ ಕೆಳಗಿಟ್ಟಳು. ಊಟದ ಜನ ಬರತೊಡಗಿದ್ದರು. ಎದ್ದು ಒಲೆಯ ಮುಂದೆ ಹೋಗಿ ಕುಳಿತಳು.

ಮರುದಿನ ಬೆಳಿಗ್ಗೆ ಇಬ್ಬರೇ ರೊಟ್ಟಿ ತಟ್ಟುತ್ತಿದ್ದೆವು. ನನ್ನ ಕಡೆ ನೋಡದೆಯೇ ಕೇಳಿದಳು.

"ಯಾರಿಗಿ ಒತ್ತಿದಿ?"

ನನಗೆ ಅಳು ಬಂತು. ಹೇಳಿದೆ.

ತಟ್ಟುತ್ತಿದ್ದ ಕೈ ನಿಂತಿತು. "ಅವಂಗ? ನನ್ನ ವೋಟು ಒಯ್ದು ಅವಂಗ ಹಾಕಿದಿ? ಹುಚ್ಚಿ! ಕದ್ದಿ ಅಂತ ನನಗ ಇಷ್ಟ ಸಿಟ್ಟಿಲ್ಲ. ಕದ್ದು ಅವಂಗ ಕೊಟ್ಟೆಲ್ಲ, ಆ ಬಾಯಿಬಡಕಗ!"

"ತಪ್ಪಾತಕ್ಕಾ" ಅಂದೆ.

"ತವಾ ಮ್ಯಾಲಿಂದು ಹೊತ್ತಾಕತ್ತದ, ತಿರುವು ಮೊದಲ" ಅಂದಳು. ಆಮೇಲೆ ಅವಳಿಗೇ ನಗು ಬಂತು. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಗೊತ್ತಿಲ್ರಿ ಅಂದಿ ನೋಡು, ಸಾಹೇಬನ ಮುಂದ! ಅದನ್ನ ಕೇಳಿ ನಾ ನಂಬಿದ್ನಲ್ಲ ತಂಗೆವ್ವಾ" ಅಂದಳು. ನಗುತ್ತಲೇ ಅಂದಳು. ಆದರೆ ಆ ಮಾತು ಅಂದ ಮೇಲೆ ನಗು ನಿಂತಿತು.

ಮಂಡ್ಯದ ಹುಡುಗಿ ಮೊಬೈಲಿನಲ್ಲಿ ಓದಿ ಹೇಳಿದಳು. ಅಂಥ ವೋಟನ್ನು ಸೀಲು ಮಾಡಿ ಇಡುತ್ತಾರೆ, ಉಳಿದವುಗಳ ಜೊತೆ ಎಣಿಸುವುದಿಲ್ಲ, ತಕರಾರು ಕೋರ್ಟಿಗೆ ಹೋಗಿ ಕೋರ್ಟು ಹೇಳಿದರೆ ಮಾತ್ರ ತೆಗೆಯುತ್ತಾರೆ ಎಂದು. ನಾನು ಒಳಗೇ ಕುಸಿದೆ. ನನ್ನ ಖೊಟ್ಟಿ ವೋಟು ಲೆಕ್ಕಕ್ಕೆ ಹೋಯಿತು, ಅಕ್ಕನ ಖರೆ ವೋಟು ಲಕೋಟೆಯಲ್ಲಿ ಉಳಿಯಿತು.

ಅಕ್ಕ ಅಂದಳು, "ಎಣಸಲಿ, ಬಿಡಲಿ. ನಾ ಬಂದಿದ್ದೆ ಅಂತ ಬರಕೊಂಡಾರಲ್ಲ, ಅಷ್ಟ ಸಾಕು. ನಾ ಎದ್ದು ಬಂದಿದ್ರ ಆ ಹೆಬ್ಬೆಟ್ಟ ಖರೆ ಆಗ್ತಿತ್ತು."

ಫಲಿತಾಂಶದ ದಿನ ನಾನು ಒತ್ತಿದವನು ಸೋತ. ಅಕ್ಕ ಅಂದು ಹೋಳಿಗೆ ಮಾಡಿದಳು. ಯಾಕೆ ಎಂದು ಗಿರಾಕಿಗಳು ಕೇಳಿದರೆ, "ಬ್ಯಾಳಿ ಬಾಳ ಉಳದಿತ್ತು" ಅಂದಳು.

ಮುಂದಿನ ವಾರವೇ ನನ್ನನ್ನು ಎಳೆದುಕೊಂಡು ಹೋಗಿ ಹೆಸರು ಬರೆಸಿದಳು. ಅದೇ ವರ್ಷ ವಿಧಾನಸಭೆ ಚುನಾವಣೆ ಬಂತು. ಅದೇ ಶಾಲೆ. ಸಾಲಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ನಿಂತಳು. ಒಳಗೆ ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಕ್ಕ ಕೂಗಿದಳು, "ಹೌದ್ರಿ, ಇಕಿನ ಅಕಿ!"

"ನಿಮ್ಮನ್ನು ಯಾರು ಕೇಳಿದರು ಮಾವಶಿ?" ಎಂದರು ಮೇಜಿನವರು.

"ಕೇಳೂತನಾ ಯಾಕ ಕಾಯಬೇಕು?"

ಇಡೀ ಕೋಣೆ ನಕ್ಕಿತು. ನಾನು ಸಹಿ ಮಾಡಿದೆ. ಮಶೀನು ಕೂಗಿದಾಗ ನನ್ನ ಎದೆಯೂ ಕೂಗಿತು. ದಾರಿಯಲ್ಲಿ ಬರುವಾಗ ಮೆಲ್ಲಗೆ ಕೇಳಿದೆ, "ಅಕ್ಕಾ, ನೀ ಯಾರಿಗಿ?" ಅವಳು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಇವತ್ತ ನಾ ನಿನ್ನ ಕೇಳಿದೆನು?"

ಅಷ್ಟೇ. ಅದೇ ಅವಳ ಕಡೆಯ ವೋಟು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

ಮೊನ್ನೆ ಮತದಾರರ ಯಾದಿ ನೋಡಲು ಶಾಲೆಯ ಟೀಚರಮ್ಮ ಒಬ್ಬರು, ಇಲ್ಲಿಯವರು ಬಾಯಿ ಅನ್ನುತ್ತಾರೆ, ಮನೆಮನೆಗೆ ಬಂದಿದ್ದರು. ಜೊತೆಗೆ ಅದೇ ಕಾರ್ಯಕರ್ತ. "ಈ ಮನೆಯಲ್ಲಿ ಎರಡು ಹೆಸರಿವೆ. ಇಬ್ಬರೂ ಇದ್ದೀರಾ?" ಎಂದು ಬಾಯಿ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅವನು ನಗುತ್ತಾ, "ಇರಲಿ ಬಿಡಿ ಬಾಯಿ, ಮುಂದೆ ನಡೆಯಿರಿ. ಇವರೂ ಅಕ್ಕನ ಹಾಗೇ ಇದ್ದಾರೆ, ಒಂದು ವೋಟು ಯಾಕೆ ಕಳೆಯಬೇಕು?" ಅಂದ.

ಅವನು ಚೇಷ್ಟೆಗೆ ಅಂದನೋ ಮನಸ್ಸಿಟ್ಟು ಅಂದನೋ, ನನಗೆ ಮೈಯೆಲ್ಲ ಕಾವೇರಿತು. ಒಳಗೆ ಹೋಗಿ ಅಕ್ಕನ ಮರಣದ ದಾಖಲೆ ತಂದು ಬಾಯಿಯವರ ಕೈಗೆ ಕೊಟ್ಟೆ. "ತೀರಿಕೊಂಡಾಳ್ರಿ. ಹೆಸರು ತಗೀರಿ. ಇವತ್ತ ತಗೀರಿ."

ಬಾಯಿ ಬರೆದುಕೊಳ್ಳುತ್ತಾ, "ನೀವು ಅವರಿಗೆ ಏನಾಗಬೇಕು?" ಅಂದರು.

"ತಂಗಿ" ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ಆಗಲಿಲ್ಲ. "ಒಂದ ಸಲ ಅಕಿ ಹೆಸರಿನ ಮ್ಯಾಲೆ ವೋಟು ಹಾಕಿದಾಕಿ ನಾನ್ರಿ. ಸಾಹೇಬ್ರು ಯಾರು ಅಂತ ಕೇಳಿದಾಗ ಗೊತ್ತಿಲ್ಲ ಅಂದಾಕಿನೂ ನಾನ."

ಕಾರ್ಯಕರ್ತ ಓಣಿಯ ಕಡೆ ಮುಖ ತಿರುಗಿಸಿದ. ಬಾಯಿಯ ಪೆನ್ನು ನಿಂತಿತು. ಅವರು ನನ್ನನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದರು.

"ಮತ್ತೆ ಅವರ ವೋಟು? ಅವರಿಗೆ ಸಿಗಲಿಲ್ಲವೇ?"

"ಬಿಡ್ತಾಳೇನ್ರಿ?" ಅಂದೆ. "ಕುಂತು ತಗೊಂಡಳು."